ಹೊಸ ಬರಹ: ಒಂದು

ಹೋದರೆ ನಾನೇ ಬಂದು ಹೇಳುತ್ತೇನೆ ಎಂದು ಷೌ-ರೆನ್ ಹನ್ನೊಂದು ವರ್ಷದ ಹಿಂದೆ ಮಾತು ಕೊಟ್ಟಿದ್ದ. ಕೊಡು ಎಂದು ಯಾರೂ ಕೇಳಿರಲಿಲ್ಲ. ತೈಚುಂಗ್ ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಊಟದ ಅಂಗಡಿಗಳ ಸಾಲಿನ ಕೊನೆಯ ಮೇಜಿನ ಸುತ್ತ, ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ತಂದೆತಾಯಂದಿರು ಹತ್ತು ಹನ್ನೆರಡು ಮಂದಿ ಕೂತಿದ್ದರು. ಮಗು ಹುಟ್ಟಿದಾಗಿನ ತೂಕ ಹೇಳಿ ಪರಿಚಯ ಮಾಡಿಕೊಳ್ಳುವುದು ಅವರ ರೂಢಿ. ನಾನು ಒಂಬೈನೂರ ಹತ್ತು ಗ್ರಾಂ, ನಾನು ಎಂಟುನೂರ ಇಪ್ಪತ್ತು. ಷೌ-ರೆನ್ ಏಳುನೂರ ಐವತ್ತು ಎಂದಾಗ ಒಂದಿಬ್ಬರು ಮೆಚ್ಚಿಕೊಂಡವರಂತೆ ತಲೆಯಾಡಿಸಿದ್ದರು. ಮೂಲೆಯಲ್ಲಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದ ಹೆಂಗಸು ಆರುನೂರ ಎಂಬತ್ತು ಎಂದಳು, ಈಗ ಹೇಗಿದೆ ಎಂದು ಪಕ್ಕದವಳು ಕೇಳಿದಾಗ ಇಲ್ಲ ಎಂದಳು. ಅವಳೇ ಪಿ-ಯುನ್. ಅವರೆಲ್ಲ ತಮ್ಮ ಮಕ್ಕಳ ಬಗ್ಗೆ ಬರೆದಿಡುತ್ತಿದ್ದ ಬ್ಲಾಗುಗಳನ್ನು ದೊಡ್ಡ ಕಂಪನಿಯೊಂದು ಆ ಚಳಿಗಾಲ ಮುಚ್ಚಿಬಿಟ್ಟಿತ್ತು. ಮೂರು ತಿಂಗಳು ಮೊದಲೇ ತಿಳಿಸಿದ್ದೇವೆ ಎಂದಿತು ಕಂಪನಿ. ತಿಳಿಸಿದ್ದು ಯಾರೂ ತೆರೆಯದ ಇಮೇಲಿಗೆ. ಮಕ್ಕಳು ಬದುಕಿದ್ದವರಿಗೆ ಹೋದದ್ದು ಬರಹ. ಪಿ-ಯುನ್‌ಗೆ ಹೋದದ್ದು, ಗಾಜಿನ ಪೆಟ್ಟಿಗೆಯಲ್ಲಿ ನಲವತ್ತೊಂದು ದಿನ ಇದ್ದು ಹೋದ ಮಗುವಿನ ನಲವತ್ತೊಂದು ಫೋಟೋ. ನಾವೇ ಒಂದು ಮಾಡಿಕೊಳ್ಳೋಣ ಎಂದವನು ಷೌ-ರೆನ್. ಯಾರೋ ಜರ್ಮನಿಯವನು ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿಕೊಳ್ಳಿ ಎಂದು ಊರಿಗೆಲ್ಲ ಹಂಚಿದ್ದ ತಂತ್ರಾಂಶವಿತ್ತು, ಮನೆಯಲ್ಲೊಂದು ಹಳೆಯ ಕಂಪ್ಯೂಟರಿತ್ತು. ಕಂಪನಿ ಬೇಡ, ಜಾಹೀರಾತು ಬೇಡ, ನಮ್ಮದು ನಮ್ಮ ಹತ್ತಿರವೇ ಇರುತ್ತದೆ ಎಂದು ಅವನು ಹೇಳುತ್ತ ಹೋದಂತೆ ಎಲ್ಲರ ಮುಖ ಅರಳಿತ್ತು. ಪಿ-ಯುನ್ ಮಾತ್ರ, ಬಸ್ಸಿನ ಹೊತ್ತು ಕೇಳುವವಳ ಹಾಗೆ, "ಇದೂ ಒಂದಿನ ಹೋಗುತ್ತಲ್ವಾ?" ಎಂದಳು. "ಒಂದಕ್ಷರಾನೂ ಹೋಗಲ್ಲ ಅಕ್ಕಾ. ಹೋದ್ರೆ ನಾನೇ ನಿಮ್ಮೂರು ಬುದಾಯಿಗೆ ಬಂದು ಹೇಳ್ತೀನಿ." "ಅಯ್ಯೋ, ಅಷ್ಟು ದೂರ ಯಾಕೆ? ಬಸ್ಸೂ ನೆಟ್ಟಗಿಲ್ಲ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವನ ಮಗು ಮನೆಯಲ್ಲಿ ತೊಟ್ಟಿಲಲ್ಲಿ ಮಲಗಿತ್ತು. ಅದಕ್ಕೇ ಅಷ್ಟು ಧಾರಾಳವಾಗಿ ಮಾತು ಬಂತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಈಗ ಗುರುವಾರ ಬೆಳಿಗ್ಗೆ, ಬಾಲ್ಕನಿಯ ಬಾಗಿಲಿಗೆ ಒರಗಿ ನಿಂತು ಅವನು ಮೇಲಧಿಕಾರಿಗೆ ಫೋನು ಮಾಡಿದ. ಮಗಳ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು, ಇವತ್ತೊಂದು ದಿನ ರಜೆ ಎಂದ. ಬಸ್ ಕಂಪನಿಯೊಂದರಲ್ಲಿ ಟಿಕೆಟ್ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವನದು. "ಎಷ್ಟು ಸಲ ಕೀಳಿಸ್ತೀಯಪ್ಪ ಹಲ್ಲು? ಆ ಹುಡುಗಿ ಬಾಯಲ್ಲಿ ಇನ್ನೂ ಉಳ್ಕೊಂಡಿವೆಯಾ?" ಎಂದ ಮೇಲಧಿಕಾರಿ. ಷೌ-ರೆನ್ ನಕ್ಕ. ನಗಬೇಕಾದ ಜಾಗದಲ್ಲಿ ನಗುವುದು ಈ ಹತ್ತೊಂಬತ್ತು ದಿನಗಳಿಂದ ತಾನೇತಾನಾಗಿ ನಡೆಯುತ್ತಿತ್ತು, ತಲೆ ಬಾಚಿಕೊಂಡ ಹಾಗೆ. ಒಳಗೆ ಮಗಳು ಯೋ-ನಿಂಗ್, ಹನ್ನೆರಡು ವರ್ಷದ ಗಟ್ಟಿಮುಟ್ಟು ಹುಡುಗಿ, ಮೊಟ್ಟೆ ಸುತ್ತಿದ ರೊಟ್ಟಿ ತಿನ್ನುತ್ತಿದ್ದವಳು ಬಾಯಿ ಅಗಲಿಸಿ ತನ್ನ ಹಲ್ಲುಗಳನ್ನೆಲ್ಲ ತೋರಿಸಿದಳು. "ಅಪ್ಪಾ, ಯಾವ ಹಲ್ಲು? ಹೇಳಿದ್ರೆ ನಾನೂ ಅದೇ ಹೇಳ್ತೀನಿ." ಬಾಲ್ಕನಿಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಅವನ ಕಂಪ್ಯೂಟರು ಗುಂಯ್ ಎನ್ನುತ್ತಿತ್ತು. ಅದರ ನೆತ್ತಿಯ ಮೇಲೆ ಹಸಿರು ಪೊಟ್ಟಣ. ತೆಂಗಿನಕಾಯಿ ರುಚಿಯ ಜೋಳದ ಕುರುಕು ತಿಂಡಿ ಅದು, ಮಕ್ಕಳು ತಿನ್ನುವಂಥದ್ದು. ಯಂತ್ರ ಹಟ ಮಾಡದೆ ಇರಲಿ ಎಂದು ಅದರ ಮೇಲಿಡುತ್ತಾರೆ. ಹಸಿರೇ ಆಗಬೇಕು, ಹಳದಿ ಕೆಂಪು ಇಟ್ಟರೆ ಕೆಡುತ್ತದೆ. ತೆರೆಯಬಾರದು. ಪೊಟ್ಟಣದ ಮೇಲಿನ ತಾರೀಖು ಮುಗಿಯುವುದರೊಳಗೆ ಬದಲಾಯಿಸಬೇಕು. ಅವನ ಆಫೀಸಿನ ಪ್ರತಿ ಯಂತ್ರದ ಮೇಲೂ ಒಂದೊಂದಿದೆ, ಟಿಕೆಟ್ ಯಂತ್ರಗಳ ಮೇಲಿದೆ, ಯೋ-ನಿಂಗ್ ಉಸಿರಾಡುತ್ತಿದ್ದ ಆಸ್ಪತ್ರೆಯ ಯಂತ್ರದ ಮೇಲೂ ಒಂದು ಇತ್ತು. ಆ ವಾರ್ಡಿನಲ್ಲಿ ನಿಂತು ಅವನು ಮಗಳ ಮುಖಕ್ಕಿಂತ ಹೆಚ್ಚು ಹೊತ್ತು ಆ ಪೊಟ್ಟಣದ ತಾರೀಖನ್ನು ನೋಡಿದ್ದ.

ತೈಚುಂಗಿನ ರೈಲು ನಿಲ್ದಾಣದಲ್ಲಿ ಬರಿಗೈಲಿ ಹೋಗಬಾರದೆಂದು ಸಿಹಿ ಬಿಲ್ಲೆಗಳ ಒಂದು ಡಬ್ಬಿ ಕೊಂಡ. ಅಂಗಡಿಯ ಹುಡುಗಿ ಕೆಂಪು ರಿಬ್ಬನ್ ಎಳೆಯುತ್ತ "ಶುಭ ಸಮಾಚಾರ ಹೊತ್ಕೊಂಡು ಹೋಗ್ತಿದೀರಾ ಸರ್?" ಎಂದು ಕೇಳಿದಳು. ಅವನು ಹೂಂ ಎಂದ. ಹೂಂ ಎಂದಿದ್ದಕ್ಕೆ ಅವಳು ಒಂದು ಗಂಟು ಹೆಚ್ಚು ಹಾಕಿ ಹೂವಿನ ಹಾಗೆ ಬಿಡಿಸಿ ಕೊಟ್ಟಳು. ರೈಲಿನಲ್ಲಿ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಹೆಣ್ಣು ನೋಡಲು ಹೊರಟವನ ಹಾಗೆ ಕಾಣುತ್ತೇನೆ ಅನ್ನಿಸಿ ಸೀಟಿನ ಕೆಳಗೆ ತಳ್ಳಿದ. ಭುಜಕ್ಕೆ ತೂಗುಹಾಕಿದ ಚೀಲದಲ್ಲಿ, ಮಗಳು ಕೂಸಾಗಿದ್ದಾಗ ಬಾಯಿ ಒರೆಸುತ್ತಿದ್ದ ಬಟ್ಟೆಯಲ್ಲಿ ಸುತ್ತಿ, ಕಂಪ್ಯೂಟರಿನ ಸತ್ತ ಡಿಸ್ಕನ್ನು ಇಟ್ಟುಕೊಂಡಿದ್ದ. ಯಾಕೆ ತಂದೆನೆಂದು ಅವನಿಗೇ ತಿಳಿಯಲಿಲ್ಲ. ಹಾಳಾದ ಮೀನನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ ತೋರಿಸುತ್ತಾರಲ್ಲ, ಹಾಗಿರಬೇಕು. ಆದರೆ ಇಲ್ಲಿ ಮಾರಿದವನೂ ತಾನೇ, ಹೊತ್ತವನೂ ತಾನೇ. ಬಾಯಲ್ಲಿ ಒಂದು ವಾಕ್ಯವನ್ನು ಹೊರಳಿಸುತ್ತಿದ್ದ. ಅಕ್ಕಾ, ನೀವು ಬರೆದದ್ದರಲ್ಲಿ ಒಂದಷ್ಟು ಹೋಗಿದೆ. ಒಂದಷ್ಟು ಎನ್ನುವುದು ಸರಿಯಲ್ಲ. ಅಕ್ಕಾ, ನೀವು ಬರೆದದ್ದರಲ್ಲಿ ನಾನೂರ ಅರವತ್ತಾರು ದಿನದ್ದು ಹೋಗಿದೆ. ಹೋಗಿದೆ ಎಂದರೆ ಅದಾಗಿ ಅದು ಎದ್ದು ಹೋದ ಹಾಗಾಯಿತು. ಕಳೆದಿದ್ದೇನೆ. ಅಕ್ಕಾ, ನಾನು ಕಳೆದಿದ್ದೇನೆ. ಕಿಟಕಿಯ ಹೊರಗೆ ಗದ್ದೆ, ತಗಡಿನ ಕಾರ್ಖಾನೆ, ಮತ್ತೆ ಗದ್ದೆ. ಎದುರು ಸೀಟಿನ ಮುದುಕ ಬಾಯಿ ತೆರೆದು ನಿದ್ದೆಮಾಡುತ್ತಿದ್ದ.

ಅದು ಆದ ಬಗೆಯನ್ನು ಯಾರಿಗಾದರೂ ವಿವರಿಸಿದರೆ ನಗುತ್ತಾರೆ. ಹೋದ ವರ್ಷ, ಚಾಂದ್ರ ಹೊಸವರ್ಷದ ಹಿಂದಿನ ದಿನ, ಹೆಂಡತಿ ಮನೆ ಗುಡಿಸಿ ಒರೆಸುತ್ತಿದ್ದಳು. "ನಿಮ್ಮ ಆ ದೇವರನ್ನೂ ಒಂದಿಷ್ಟು ಒರೆಸ್ರೀ. ಅದಕ್ಕೆ ಫ್ಯಾನು, ನನಗೆ ಬಿಸಿಲು," ಎಂದಿದ್ದಳು. ಅವನು ಯಂತ್ರದ ಧೂಳು ಒರೆಸಿ, ಹಳೆಯ ಪೊಟ್ಟಣ ತೆಗೆದು ಹೊಸ ಪೊಟ್ಟಣ ಇಟ್ಟ. ನೆಟ್ಟಗೆ ಕೂರಲಿಲ್ಲ. ಹಿಂದಕ್ಕೆ ಸ್ವಲ್ಪ ಒತ್ತಿದ. ಪ್ರತಿ ರಾತ್ರಿ ಎಲ್ಲರ ಬರಹವೂ ನಕಲಾಗಿ ಇನ್ನೊಂದು ಡಿಸ್ಕಿಗೆ ಹೋಗುತ್ತಿತ್ತು, ಒಂದು ಸತ್ತರೆ ಇನ್ನೊಂದಿರಲಿ ಎಂದು. ಆ ಎರಡನೇ ಡಿಸ್ಕಿನ ತಂತಿ ಪೊಟ್ಟಣದ ಒತ್ತಿಗೆ ಕೂದಲೆಳೆಯಷ್ಟು ಸಡಿಲವಾಯಿತು. ಹಾಗೆ ನಕಲು ಮಾಡು ಎಂದು ಯಂತ್ರಕ್ಕೆ ಹೇಳುವ ನಾಲ್ಕು ಸಾಲನ್ನು ಬರೆದವನು ಜರ್ಮನಿಯವನಲ್ಲ, ಷೌ-ರೆನ್. ಇನ್ನೊಂದು ಡಿಸ್ಕು ಇದೆಯೇ ಎಂದು ನೋಡಿ ಆಮೇಲೆ ಇಡು ಎಂದು ಅವನು ಬರೆದಿರಲಿಲ್ಲ. ಡಿಸ್ಕು ಕಾಣದಾಗ ಯಂತ್ರ ಅದೇ ಹೆಸರಿನ ಒಂದು ಖಾಲಿ ಗೂಡನ್ನು ತನ್ನೊಳಗೇ, ಮೊದಲನೇ ಡಿಸ್ಕಿನಲ್ಲೇ ಮಾಡಿಕೊಂಡು, ನಕಲನ್ನು ಅಲ್ಲೇ ಇಟ್ಟುಕೊಂಡು, ಕೆಲಸ ಆಯಿತು ಎಂದು ವರದಿ ಕಳಿಸಿತು. ಬೆಳಿಗ್ಗೆ ಆರಕ್ಕೆ ಅವನ ಫೋನಿಗೆ ಎರಡು ಸಾಲು. ನಕಲು ಮುಗಿಯಿತು. ಹೊಸ ಬರಹ: ೧. ನಾನೂರ ಅರವತ್ತಾರು ಬೆಳಿಗ್ಗೆ ಆ ಎರಡು ಸಾಲು ಓದಿ ಅವನು ಹಲ್ಲುಜ್ಜಲು ಹೋದ. ನಡುವೆ ಎರಡು ಸಲ ಪೊಟ್ಟಣದ ತಾರೀಖು ಮುಗಿಯಿತು, ಎರಡು ಸಲವೂ ವಾರ ಮೊದಲೇ ಬದಲಾಯಿಸಿದ. ಅದೊಂದರಲ್ಲಿ ಅವನು ತಪ್ಪಲಿಲ್ಲ. ಮೇ ತಿಂಗಳಲ್ಲಿ ಮೊದಲನೇ ಡಿಸ್ಕು ಟಿಕ್ ಟಿಕ್ ಎಂದು ಸತ್ತಾಗ, ಎರಡನೆಯದನ್ನು ತೆರೆದು ನೋಡಿದರೆ ಅದರಲ್ಲಿ ಹೋದ ವರ್ಷದ ಹೊಸವರ್ಷಕ್ಕೆ ಹಿಂದಿನದು ಮಾತ್ರ ಇತ್ತು. ಕೆಟ್ಟ ಡಿಸ್ಕುಗಳಿಂದ ಬರಹ ಹೊರತೆಗೆಯುವ ಅಂಗಡಿಗೆ ಹೋದ. ಅಲ್ಲಿಯವನು ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಬಿಲ್ಲೆ ಗೀಚಿಹೋಗಿದೆ ಅಣ್ಣಾ. ಒಳಗಿದೆ, ಆದ್ರೆ ಯಾರ ಕೈಗೂ ಬರಲ್ಲ," ಎಂದ. ಆಮೇಲೆ, "ಮೇಲೆ ಹಸಿರು ಪೊಟ್ಟಣ ಇಟ್ಟಿರಲಿಲ್ವಾ?" ಎಂದು ಕೇಳಿದ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ.

ಚ್ಯಾಯಿಯಲ್ಲಿ ರೈಲಿಳಿದು ಬುದಾಯಿಯ ಬಸ್ಸಿಗೆ ಕಾಯುವಾಗ ಅವನಿಗೆ ಹಸಿವಾಗಿರಲಿಲ್ಲ, ಆದರೂ ಕೋಳಿಯ ಎಳೆಗಳನ್ನು ಹರಡಿದ ಒಂದು ಬಟ್ಟಲು ಅನ್ನ ತಿಂದ. ತಿಂದದ್ದು ತಿಳಿಯಲಿಲ್ಲ, ಬಟ್ಟಲು ಖಾಲಿಯಾಗಿತ್ತು. ಒಂದು ಕಾಲಕ್ಕೆ ಅವನ ಆ ಜಾಲತಾಣದಲ್ಲಿ, ಅಂಗೈಯಷ್ಟು ಮಕ್ಕಳ ಹೆಸರಲ್ಲಿ ಅದಕ್ಕೆ ಅಂಗೈ ಎಂದೇ ಹೆಸರಿಟ್ಟಿದ್ದರು, ಮುನ್ನೂರ ನಲವತ್ತು ಮನೆಯವರಿದ್ದರು. ಜಾಲತಾಣ ನಡೆಸುವವನನ್ನು ಅವರ ದೇಶದಲ್ಲಿ ಎಲ್ಲ ಕಡೆ ಕರೆಯುವಂತೆ ಅವನನ್ನೂ ಸ್ಟೇಷನ್ ಮಾಸ್ಟರ್ ಎಂದು ಕರೆಯುತ್ತಿದ್ದರು. ಮಾಸ್ಟ್ರೇ ಫೋಟೋ ಹತ್ತುತ್ತಿಲ್ಲ, ಮಾಸ್ಟ್ರೇ ಹೃದಯದ ಗುರುತು ಯಾಕಿಲ್ಲ. ಅವನು ಆಫೀಸಿನಿಂದ ಬಂದು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಂದೇ ಕೈಯಲ್ಲಿ ರಿಪೇರಿ ಮಾಡುತ್ತಿದ್ದ. ಅವನು ಕಂಡುಹಿಡಿದ ಒಂದು ತಪ್ಪನ್ನು ಜರ್ಮನಿಯವನು ಒಪ್ಪಿಕೊಂಡು, ಧನ್ಯವಾದ ಹೇಳಿದವರ ಪಟ್ಟಿಯಲ್ಲಿ ಅವನ ಹೆಸರನ್ನು ಸೇರಿಸಿದಾಗ, ಆ ಪುಟವನ್ನು ಅಚ್ಚು ಹಾಕಿ ಫ್ರಿಜ್ಜಿನ ಮೇಲೆ ಅಂಟಿಸಿದ್ದ. ಆಮೇಲೆ ಮಕ್ಕಳು ಬೆಳೆದವು. ಅಮ್ಮಂದಿರೆಲ್ಲ ಎಲ್ಲರೂ ಇರುವ ಕಡೆ, ಫೋನಿನ ಗುಂಪುಗಳಿಗೆ, ದೊಡ್ಡ ಕಂಪನಿಗಳ ಅಂಗಳಕ್ಕೆ ಒಬ್ಬೊಬ್ಬರಾಗಿ ಹೋದರು. ಒಂಬೈನೂರ ಹತ್ತರವಳು ಮಗನ ಹುಟ್ಟುಹಬ್ಬಕ್ಕೆ ಎಲ್ಲರನ್ನೂ ಕರೆದಿದ್ದಳು. ಅಲ್ಲಿ ಮೇಜಿನ ಸುತ್ತ ಎಲ್ಲರ ಫೋನುಗಳೂ ಒಟ್ಟಿಗೇ ಟಿಣ್ ಎಂದವು. ಅವನದೊಂದು ಸುಮ್ಮನಿತ್ತು. "ಮಾಸ್ಟ್ರೇ, ನೀವಿನ್ನೂ ಅಲ್ಲೇ ಇದೀರಾ? ರೈಲು ಹೋಗಿ ಎಷ್ಟು ವರ್ಷ ಆಯ್ತು!" ಎಂದು ಯಾರೋ ಅಂದರು. ಅವನ ಹೆಂಡತಿಯೂ ನಕ್ಕಳು. ಅವಳ ಫೋನೂ ಟಿಣ್ ಎಂದಿತ್ತು. ಮೂರು ವರ್ಷದ ಹಿಂದೆ ಜರ್ಮನಿಯವನು, ನನಗೂ ಮಕ್ಕಳಾಗಿವೆ, ಇನ್ನು ಇದನ್ನು ನೋಡಿಕೊಳ್ಳಲು ಆಗುವುದಿಲ್ಲ, ಬೇಕಾದವರು ಮುಂದುವರಿಸಿ ಎಂದು ಬರೆದು ನಿಲ್ಲಿಸಿದ. ಮುಂದುವರಿಸುವವರು ಯಾರೂ ಬರಲಿಲ್ಲ. ಷೌ-ರೆನ್ ಬಿಡಬಹುದಿತ್ತು. ಆದರೆ ಪ್ರತಿ ಬೆಳಿಗ್ಗೆ ಹೊಸ ಬರಹ: ೧ ಎಂದು ಬರುತ್ತಿತ್ತು. ಅದು ಪಿ-ಯುನ್. ಅವಳ ಪುಟ ಬಾಗಿಲು ಹಾಕಿದ ಪುಟ. ಬೇರೆ ಯಾರೂ ಓದುವಂತಿಲ್ಲ, ಅವನು ಓದಬಹುದಾದರೂ ಓದಬಾರದು. ಓದಿಯೂ ಇರಲಿಲ್ಲ. ಸತ್ತ ಮಗನಿಗೆ ದಿನಾ ಬರೆಯುವ ಒಬ್ಬ ಹೆಂಗಸಿಗಾಗಿ ಒಂದು ಯಂತ್ರವನ್ನು ಓಡಿಸುತ್ತಿದ್ದೇನೆ ಎಂಬುದು ಅವನಿಗೆ ಸಾಕಾಗಿತ್ತು. ಡಿಸ್ಕು ಸತ್ತ ಮರುದಿನ ಸಂಜೆ ತಾಣ ಮತ್ತೆ ಎದ್ದಾಗ ಅವಳು ಏನೂ ಕೇಳಲಿಲ್ಲ, ಎಂದಿನಂತೆ ಬರೆದಳು. ನೋಡಿಲ್ಲ, ಹಿಂದಕ್ಕೆ ತಿರುಗಿಸಿ ನೋಡಿಲ್ಲ ಎಂದು ಅವನು ಲೆಕ್ಕಹಾಕಿದ. ನಾಳೆ ಫೋನು ಮಾಡುತ್ತೇನೆ ಎಂದುಕೊಂಡ. ಫೋನು ಮಾಡುತ್ತೇನೆ ಎಂದಿರಲಿಲ್ಲವಲ್ಲ, ಬಂದು ಹೇಳುತ್ತೇನೆ ಎಂದಿದ್ದೆನಲ್ಲ ಎಂಬುದೇ ಹದಿನೆಂಟು ದಿನಕ್ಕೆ ನೆಪವಾಯಿತು.

ಬುದಾಯಿಯಲ್ಲಿ ಬಸ್ಸಿಳಿದಾಗ ಬಿಸಿಲು ತಗಡಿನಂತೆ ಬಿದ್ದಿತ್ತು. ದಾರಿಯ ಎರಡೂ ಬದಿ ಸಿಂಪಿ ಚಿಪ್ಪಿನ ರಾಶಿ, ಅವುಗಳ ವಾಸನೆ. ಪಿ-ಯುನ್‌ಳ ಮನೆಯ ಮುಂದಿನ ತಗಡಿನ ಚಪ್ಪರದಡಿ ಇಬ್ಬರು ಹೆಂಗಸರು ಮೊಣಕಾಲೆತ್ತರದ ಮಣೆಗಳ ಮೇಲೆ ಕೂತು ಸಿಂಪಿ ಬಿಡಿಸುತ್ತಿದ್ದರು. ಹೂವಿನ ಬಟ್ಟೆಯ ತೋಳು, ತಲೆಗೆ ಸುತ್ತಿದ ಬಟ್ಟೆ, ಕಣ್ಣು ಮಾತ್ರ ಕಾಣುತ್ತಿತ್ತು. ಯಾರು ಯಾರೆಂದು ಅವನಿಗೆ ತಿಳಿಯಲಿಲ್ಲ. ಡಬ್ಬಿ ಹಿಡಿದು ನಿಂತ.

"ಯಾರನ್ನ ನೋಡ್ಬೇಕಪ್ಪಾ? ಓಟು ಕೇಳೋಕೆ ಬಂದ್ಯಾ?" ಎಂದಳು ಬಲಗಡೆಯವಳು.

ಎಡಗಡೆಯವಳು ಬಟ್ಟೆಯನ್ನು ಗದ್ದಕ್ಕಿಳಿಸಿದಳು. ಮುಖ ಕಪ್ಪಾಗಿತ್ತು, ಸಣ್ಣದಾಗಿತ್ತು. "ಅಯ್ಯೋ. ಮಾಸ್ಟ್ರು!" ಎಂದು ಎದ್ದಳು. "ಹೇಳ್ಬಾರ್ದಿತ್ತಾ? ಅತ್ತೆ, ಇವರೇ ನೋಡಿ ನಮ್ಮ ಸ್ಟೇಷನ್ ಮಾಸ್ಟರು."

ಪಕ್ಕದ ಮನೆಯ ಆ ಅತ್ತೆ, ಎಪ್ಪತ್ತೈದರ ಮೇಲಿನವಳು, ಚಾಕು ಹಿಡಿದ ಕೈ ನಿಲ್ಲಿಸದೆ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇಲ್ಲಿ ಉಪ್ಪು ಒಯ್ಯೋ ರೈಲು ನಿಂತು ನಾನು ಮುದುಕಿ ಆದೆ. ಈಗ ಸ್ಟೇಷನ್ ಮಾಸ್ಟರನ್ನ ಕಳಿಸಿದಾರಾ? ಸರ್ಕಾರ ಅಂದ್ರೆ ಹಿಂಗೇ ನೋಡು." ಷೌ-ರೆನ್ ನಕ್ಕ. "ನಗ್ತಾನೆ, ಪಾಪ. ಊಟ ಆಯ್ತೇನಪ್ಪಾ? ಆಗಿಲ್ಲ. ಮುಖ ನೋಡಿದ್ರೇ ಗೊತ್ತಾಗುತ್ತೆ. ಹೆಂಡ್ತಿ ಏನ್ ಹಾಕ್ತಾಳೆ ನಿಂಗೆ?"

ಆಗಿದೆ ಎಂದರೂ ಒಂದು ಬಟ್ಟಲು ಸಿಂಪಿ ಗಂಜಿ ಬಂತು. ತಿಂದ. ಪಿ-ಯುನ್ ಡಬ್ಬಿಯ ರಿಬ್ಬನ್ನನ್ನು ನೋಡಿ "ಮಗಳದೇನಾದ್ರೂ ವಿಶೇಷಾನಾ?" ಎಂದಳು. ಇಲ್ಲ, ಹನ್ನೆರಡು ಇನ್ನೂ ಎಂದ. "ಏಳ್ನೂರ ಐವತ್ತು," ಎಂದು ಅವಳು ಅತ್ತೆಗೆ ಹೇಳಿದಳು, "ಈಗ ನೋಡಿ, ಹನ್ನೆರಡಂತೆ." ಗಂಡ ಸಮುದ್ರದ ಮೇಲೆ ತೆಪ್ಪದಲ್ಲಿದ್ದಾನೆ, ಕತ್ತಲಾಗುವುದರೊಳಗೆ ಬರುತ್ತಾನೆ ಎಂದಳು. ಸುಮ್ಮನೆ ಕೂರಲಾಗದೆ ಷೌ-ರೆನ್ ಒಂದು ಕೈಗವಸು, ಒಂದು ಗಿಡ್ಡ ಚಾಕು ಈಸಿಕೊಂಡು ಮೂರನೇ ಮಣೆಯ ಮೇಲೆ ಕೂತ. ಈಗ ಹೇಳಬಹುದು ಎಂದುಕೊಂಡ. ಅತ್ತೆ ಇದ್ದಾಳೆ. ಚಿಪ್ಪಿನ ಸಂದಿಗೆ ಚಾಕು ತೂರಿಸಿ ತಿರುಗಿಸಬೇಕು, ಕಟ್ ಎಂದು ಬಿಡುತ್ತದೆ, ಬೂದುಬಣ್ಣದ ಮೆತ್ತನೆಯದೊಂದು ಬಟ್ಟಲಿಗೆ ಬೀಳುತ್ತದೆ. ಅವರಿಬ್ಬರದೂ ಕಟ್ ಕಟ್ ಎಂದು ಒಂದೇ ಸಮ ಬೀಳುತ್ತಿತ್ತು. ಅವನು ಹತ್ತು ಬಿಡಿಸುವಷ್ಟರಲ್ಲಿ ನಾಲ್ಕನ್ನು ಹರಿದ, ಒಮ್ಮೆ ಚಾಕು ಜಾರಿ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ರಕ್ತ ನೀರಲ್ಲಿ ತಿಳಿಯಾಗಿ ಹರಡಿತು. ನೋವು ಬರಲಿ ಎಂದು ಸ್ವಲ್ಪ ಹೊತ್ತು ನೋಡಿದ. ಬರಲಿಲ್ಲ. "ಬಿಡು ಬಿಡು, ನಿನ್ನ ಕೈಗೆ ಇದು ಹತ್ತಲ್ಲ. ಹರಿದ ಸಿಂಪೀನ ಯಾರೂ ತಗೊಳಲ್ಲ," ಎಂದು ಅತ್ತೆ ಅವನ ಬಟ್ಟಲಿನದನ್ನು ಬೇರೆ ತೆಗೆದಿಟ್ಟಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯಲ್ಲಿ ಕೈ ತೂರಿಸಿ ಮಗಳ ಬೆನ್ನನ್ನು ಒಂದೇ ಬೆರಳಿನಿಂದ ಮುಟ್ಟಿದ್ದ. ಹೀಗೇ ಇತ್ತು, ಇಷ್ಟೇ ಮೆತ್ತಗೆ, ಬೂದು. ಗಟ್ಟಿಯಾಗಿ ಒತ್ತಬೇಡಿ, ಬರೀ ಇಡಿ ಎಂದಿದ್ದಳು ನರ್ಸು.

ನಾಲ್ಕು ಗಂಟೆಗೆ ಬೀದಿಯ ತುದಿಯಲ್ಲಿ ಕಸದ ಲಾರಿಯ ಹಾಡು ಕೇಳಿತು. ಅತ್ತೆ ಮೊಣಕಾಲು ಹಿಡಿದು ಎದ್ದಳು. "ಕೊಡು, ನಿಂದೂ ತಗೊಂಡ್ಹೋಗ್ತೀನಿ. ನೀನು ನಿನ್ನ ಸ್ಟೇಷನ್ನು ನೋಡ್ಕೋ," ಎಂದು ಎರಡು ಚೀಲ ಎಳೆದುಕೊಂಡು ಹೋದಳು. ಹಾಡು ಹತ್ತಿರವಾಗುತ್ತಿತ್ತು. ಅಕ್ಕಪಕ್ಕದ ಮನೆಗಳಿಂದ ಜನ ಚೀಲ ಹಿಡಿದು ಓಡುತ್ತಿದ್ದರು. ಷೌ-ರೆನ್ ಬಾಯಿ ತೆರೆದ.

"ಮಾಸ್ಟ್ರೇ, ಒಂದು ಕೇಳ್ಲಾ?" ಎಂದಳು ಪಿ-ಯುನ್. "ಬೇಜಾರ್ ಮಾಡ್ಕೋಬಾರ್ದು."

"ಕೇಳಿ ಅಕ್ಕಾ."

"ಇನ್ನೂ ಎಷ್ಟು ದಿನ ಬರೀಬೇಕು ನಾನು?"

ಅವನಿಗೆ ಅರ್ಥವಾಗಲಿಲ್ಲ. ಅವಳು ಚಿಪ್ಪಿನ ಮೇಲಿಂದ ಕಣ್ಣೆತ್ತದೆ ಮಾತಾಡಿದಳು. "ಎಲ್ಲಾ ಬಿಟ್ಟು ಹೋದ್ರು. ನಂಗೊತ್ತು, ಆ ಒಂಬೈನೂರ ಹತ್ತರವಳು ಹೇಳಿದ್ಲು. ಮಾಸ್ಟ್ರು ಒಬ್ರೇ ಕಾಯ್ಕೊಂಡು ಕೂತಿದಾರೆ ಪಾಪ ಅಂದ್ಲು. ನಾನೂ ಬಿಟ್ರೆ ನಿಮಗೆ ಹೆಂಗಾಗುತ್ತೋ ಅಂತ... ದಿನಾ ಮಲಗೋಕೆ ಮುಂಚೆ ಒಂದು ಸಾಲು ಹಾಕ್ತೀನಿ. ಇವತ್ತು ಬಿಸಿಲು. ಇವತ್ತು ಗಾಳಿ. ಬರೆಯೋಕೇನಿದೆ ಮಾಸ್ಟ್ರೇ? ಅವನು ಇದ್ದಿದ್ದೇ ನಲವತ್ತೊಂದು ದಿನ. ಎಲ್ಲಾ ಎಂದೋ ಬರ್ದು ಮುಗೀತು. ನಿಮಗೋಸ್ಕರ ಬರೀತಿದೀನಿ." ಕಟ್ ಎಂದು ಒಂದು ಬಟ್ಟಲಿಗೆ ಬಿತ್ತು. "ಇಷ್ಟು ದೂರ ಬಂದಿದೀರಲ್ಲ, ಅದನ್ನೇ ಹೇಳೋಕೆ ಬಂದಿರಬೇಕು ಅಂದ್ಕೊಂಡೆ. ಸಾಕು ಅಕ್ಕಾ, ಮುಚ್ತೀನಿ ಅಂತ. ಡಬ್ಬಿ ನೋಡಿ ಒಂಥರಾ ಸಮಾಧಾನ ಆಯ್ತು."

ಹಾಡು ಮನೆಯ ಮುಂದೆಯೇ ಬಂದು ನಿಂತಿತು. ಷೌ-ರೆನ್ ನಗುತ್ತಿದ್ದ ಎಂದು ಅವನಿಗೇ ಆಮೇಲೆ ತಿಳಿಯಿತು. ಅವಳಿಗಾಗಿ ಅವನು, ಅವನಿಗಾಗಿ ಅವಳು. ಬಾಲ್ಕನಿಯಲ್ಲಿ ಯಾರಿಗೂ ಬೇಡದ ಆ ಯಂತ್ರದ ಬಿಸಿಗಾಳಿಗೆ ಹೆಂಡತಿಯ ಬಟ್ಟೆಗಳು ಒಣಗುತ್ತಿದ್ದವು. ಹಾಗಾದರೆ ಹೋದದ್ದು ಬಿಸಿಲು, ಗಾಳಿ. ನಾನೂರ ಅರವತ್ತಾರು ಸಾಲು ಹವಾಮಾನ. ಎದೆಯಿಂದ ಏನಾದರೂ ಇಳಿಯಬೇಕಿತ್ತು, ಇಳಿಯಬಹುದು ಎಂದು ಕಾದ. ಹೇಳುವ ಅಗತ್ಯವೇ ಇಲ್ಲವೇನೋ. ಮುಚ್ಚುತ್ತೇನೆ ಅಕ್ಕಾ ಎಂದು ಹೇಳಿ ಐದರ ಬಸ್ಸಿಗೆ ಎದ್ದುಬಿಡಬಹುದು.

"ಒಂದೇ ಒಂದ್ಸಲ ಸರಿಯಾಗಿ ಬರ್ದೆ," ಎಂದಳು ಪಿ-ಯುನ್. ಲಾರಿಯ ಸದ್ದಿಗೆ ಅವಳು ದನಿ ಏರಿಸಬೇಕಾಯಿತು. "ಹೋದ ವರ್ಷ, ಗೋರಿ ಗುಡಿಸೋ ದಿನ. ಮನೆಯೋರೆಲ್ಲ ಮಾವನ ಗೋರಿಗೆ ಹೋದ್ರು. ನಂಗೆ ಮಂಡಿನೋವು ಅಂತ ಉಳ್ಕೊಂಡೆ. ಅಷ್ಟು ಸಣ್ಣ ಕೂಸಿಗೆ ಗೋರಿ ಕಟ್ಟಲ್ಲ, ಮನೇಲಿ ಹೆಸರಿನ ಫಲಕಾನೂ ಇಡಲ್ಲ, ಹೆತ್ತೋರು ಕೈಮುಗಿಯಂಗಿಲ್ಲ, ನಿಮಗೂ ಗೊತ್ತಲ್ಲ. ಬೆಳಿಗ್ಗೆ ಕೂತೋಳು ಮಧ್ಯಾಹ್ನದವರೆಗೂ ಬರ್ದೆ. ಆ ನಲವತ್ತೊಂದನೇ ದಿನದ್ದು. ಅವರಪ್ಪನಿಗೂ ಗೊತ್ತಿಲ್ಲ ಅದು. ಯಾರಿಗೂ ಹೇಳಿಲ್ಲ, ನಿಮಗೂ ಹೇಳಲ್ಲ. ಬರ್ದು ಎದ್ದು ಅನ್ನಕ್ಕಿಟ್ಟೆ. ಅವತ್ತಿಂದ ನಿದ್ದೆ ಬರುತ್ತೆ." ಲಾರಿ ಹೊರಟಿತು. ಅವಳ ದನಿ ಇಳಿಯಿತು. "ತಿರುಗಿ ಓದಿಲ್ಲ. ಓದೋದೂ ಇಲ್ಲ. ಅಲ್ಲಿದೆಯಲ್ಲ, ಅಷ್ಟು ಸಾಕು. ಮುಚ್ಚೋದಾದ್ರೂ ಅದೊಂದನ್ನ ಎಲ್ಲಾದ್ರೂ ಇಟ್ಟಿರ್ತೀರಲ್ವಾ?"

ಹೋದ ವರ್ಷ ಅವಳು ಅದನ್ನು ಬರೆದ ಮರುದಿನ ಬೆಳಿಗ್ಗೆ ಆರಕ್ಕೆ ಅವನ ಫೋನಿಗೆ ಎರಡು ಸಾಲು ಬಂದಿದ್ದವು. ಹೊಸ ಬರಹ: ೧. ಬೇರೆ ದಿನಗಳ ಒಂದರ ಹಾಗೆಯೇ ಅದೂ ಒಂದು. ರಜೆಯ ಮಾರನೆಯ ದಿನ. ಅವನು ಹಲ್ಲುಜ್ಜಿ, ಮಗಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗಿರಬೇಕು. ಈಗ ಇಟ್ಟಿರ್ತೀನಿ ಅಕ್ಕಾ ಎನ್ನಬೇಕು ಎಂದು ಅವನಿಗೆ ತಿಳಿದಿತ್ತು. ಎರಡು ಪದ. ಇಷ್ಟು ದಿನ ನಗಬೇಕಾದಲ್ಲಿ ನಕ್ಕವನಿಗೆ, ಹೂಂ ಎನ್ನಬೇಕಾದಲ್ಲಿ ಹೂಂ ಎಂದವನಿಗೆ, ಅದು ಕಷ್ಟವೇ ಅಲ್ಲ. ಆದರೆ ಬೆಳಗಿನಿಂದ ಬಾಯಲ್ಲಿ ಹೊರಳಿಸಿ ಹೊರಳಿಸಿ ನುಣ್ಣಗೆ ಮಾಡಿಟ್ಟಿದ್ದ ವಾಕ್ಯ ಅಲ್ಲೇ ಇತ್ತು, ಬಾಯಿ ತೆರೆದದ್ದೇ ಅದು ಬಂತು.

"ಅಕ್ಕಾ, ನೀವು ಬರೆದದ್ದರಲ್ಲಿ ನಾನೂರ ಅರವತ್ತಾರು ದಿನದ್ದು ನಾನು ಕಳೆದಿದ್ದೇನೆ."

ತನ್ನ ದನಿ ಟಿಕೆಟ್ ಯಂತ್ರದ ದನಿಯ ಹಾಗಿದೆ ಎಂದು ಅವನಿಗೆ ಕೇಳಿಸಿತು. ಅವಳ ಕೈ ನಿಲ್ಲಲಿಲ್ಲ. ಇನ್ನೆರಡು ಸಿಂಪಿ ಬಿಡಿಸಿದಳು.

"ಯಾವತ್ತಿಂದ?"

"ಹೋದ ವರ್ಷ ಹೊಸವರ್ಷದ ಹಿಂದಿನ ದಿನದಿಂದ. ಈ ವರ್ಷ ಮೇ ಒಂಬತ್ತರವರೆಗೆ."

"ಅದರೊಳ್ಗೆ ಬರುತ್ತೆ."

"ಬರುತ್ತೆ."

"ಆಮೇಲಿಂದು?"

"ಆಮೇಲಿಂದು ಇದೆ."

"ಇವತ್ತು ಬಿಸಿಲು ಅಂತ ಹಾಕಿದ್ದು ಇದೆ."

"ಇದೆ ಅಕ್ಕಾ."

ಅವನು ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗಿದೆ, ಆದ್ರೆ ಯಾರ ಕೈಗೂ ಬರಲ್ಲ ಎಂದ, ಅಂಗಡಿಯವನು ಹೇಳಿದ ಹಾಗೆಯೇ. ಪಿ-ಯುನ್ ಕೈಗವಸು ಕಳಚಿ, ಒದ್ದೆ ಕೈಯನ್ನು ಮಡಿಲಿಗೆ ಎರಡೂ ಬದಿ ಒರೆಸಿಕೊಂಡು, ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡಳು. ಚಿಕ್ಕಂದಿನಿಂದ ಸಿಂಪಿ ತೂಗಿದ ಕೈ. ಒಮ್ಮೆ ಮೇಲೆ ಕೆಳಗೆ ಆಡಿಸಿದಳು. "ಆರ್ನೂರ ಎಂಬತ್ತು," ಎಂದಳು. "ತೊಂಬತ್ತಿರಬಹುದು." ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಆಮೇಲೆ ಅದೇ ಬಟ್ಟೆಯಲ್ಲಿ ಮೂಲೆ ಕೂಡಿಸಿ ಸುತ್ತಿ ಅವನ ತೊಡೆಯ ಮೇಲಿಟ್ಟಳು.

"ತಗೊಂಡ್ಹೋಗಿ. ಇಲ್ಲಿ ಉಪ್ಪುಗಾಳಿ. ತುಕ್ಕು ಹಿಡಿಯುತ್ತೆ."

ಕೈಗವಸು ತೊಟ್ಟಳು. ಮುಖದ ಬಟ್ಟೆ ಮೇಲಕ್ಕೆಳೆದಳು, ಕಣ್ಣು ಮಾತ್ರ ಉಳಿಯಿತು. ಖಾಲಿ ಚೀಲಗಳನ್ನು ಕೊಡವುತ್ತ ಅತ್ತೆ ಬಂದಳು. "ಏನಂತಾರೆ ನಿನ್ನ ಮಾಸ್ಟ್ರು? ರೈಲು ಬಿಡ್ತಾರಂತಾ?" ಎಂದು ಕೇಳಿದಳು. "ಐದಕ್ಕೆ ಬಸ್ಸು ಅವರಿಗೆ," ಎಂದಳು ಪಿ-ಯುನ್. ಕಟ್ ಎಂದಿತು, ಕಟ್ ಎಂದಿತು. ಅತ್ತೆ ಕೂತಮೇಲೆ ಮತ್ತೆ ಎರಡೂ ಸದ್ದು ಒಂದೇ ಸಮವಾದವು. ಷೌ-ರೆನ್ ಎದ್ದ. ಕುಳಿತು ಕುಳಿತು ಕಾಲು ಜೋಮು ಹಿಡಿದಿತ್ತು. ಬರ್ತೀನಿ ಎಂದ. ಅತ್ತೆ ಹರಿದ ನಾಲ್ಕು ಸಿಂಪಿಗಳ ಜೊತೆ ಇನ್ನಷ್ಟು ಹಾಕಿ, ಪ್ಲಾಸ್ಟಿಕ್ ಚೀಲಕ್ಕೆ ಮಂಜುಗಡ್ಡೆ ತುಂಬಿ ಕೊಟ್ಟಳು, ಮಗಳಿಗೆ ಮೊಟ್ಟೆ ದೋಸೆ ಮಾಡಿಕೊಡು ಎಂದಳು. ಅವನು ಅಂಗಳ ದಾಟುವಾಗ ಹಿಂದಿನಿಂದ ಪಿ-ಯುನ್ ಕೂಗಿ ಕೇಳಿದಳು.

"ಮಾಸ್ಟ್ರೇ, ಹಂಗಾದ್ರೆ ಇವತ್ತು ಬರೀಬೇಕಾ?"

ಅವನು ತಿರುಗಿದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬೇಡ ಅಕ್ಕಾ ಎಂದ. ಕೇಳಿಸಿತೋ ಇಲ್ಲವೋ, ಅವಳು ತಲೆಯಾಡಿಸಿದಳು.

ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೋದರೆ ನಾನೇ ಬಂದು ಹೇಳುತ್ತೇನೆ ಎಂದು ಹನ್ನೊಂದು ವರ್ಷದ ಹಿಂದೆ ಮಾತು ಕೊಟ್ಟಿದ್ದ. ಬಂದು ಹೇಳಿದ್ದ.